ಅರವತ್ತನಾಲ್ಕನೆಯ ಸಾಲು

ಯಾರಾದರೂ ಪರದೆಯನ್ನು ಕೆಳಕ್ಕೆ ಸರಿಸಿದರೆ ಏನು ಗತಿ?

ಆ ವರ್ಷದ ನನ್ನ ಡೈರಿಯಲ್ಲಿ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ನನಗೇ ತಿಳಿಯದು. ಬಾಯಿಬಿಟ್ಟು ಹೇಳಿದ್ದರೆ ಕೇಳಿದವರು ನಗುತ್ತಿದ್ದರು. ಹೇಳಿಕೊಳ್ಳುವಷ್ಟು ಹತ್ತಿರದವರು ನನಗೆ ಇರಲೂ ಇಲ್ಲ. ನನ್ನೆದುರಿನ ಕಂಪ್ಯೂಟರಿನ ಮೇಲೆ ಒಂದರ ಕೆಳಗೊಂದು ಹೆಸರುಗಳು, ಪ್ರತಿ ಹೆಸರಿನ ಎಡಕ್ಕೆ ಒಂದು ಹಸಿರು ಚುಕ್ಕೆ. ಒಟ್ಟು ಅರವತ್ತನಾಲ್ಕು ಸಾಲು. ಪರದೆಯಲ್ಲಿ ಒಮ್ಮೆಗೆ ಕಾಣುತ್ತಿದ್ದುದು ನಲವತ್ತು. ಮಿಕ್ಕವನ್ನು ನೋಡಬೇಕಾದರೆ ಕೆಳಕ್ಕೆ ಸರಿಸಬೇಕು. ನನ್ನ ಭಯವೆಲ್ಲ ಕಟ್ಟಕಡೆಯ ಸಾಲಿನದು. ಅಲ್ಲಿ ನಾನು ಬರೆದ ಒಂದು ಹೆಸರಿತ್ತು.

ನಮ್ಮೂರಿನ ನೀರು ಸರಬರಾಜು ಕಚೇರಿ ಇದ್ದದ್ದು ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿನ ಬುಡದಲ್ಲಿ. ಪದವಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಅಲ್ಲಿ ಕೆಲಸ ಸಿಕ್ಕಿತು. ಯಾವ ಹೊತ್ತಿಗೆ ಯಾವ ವಾಲ್ವು ತೆರೆಯಬೇಕು, ಯಾವುದು ಮುಚ್ಚಬೇಕು ಎಂದು ಕಂಪ್ಯೂಟರು ತೋರಿಸುತ್ತಿತ್ತು. ನಾನು ಅದನ್ನು ಓದಿ ಫೋನಿನಲ್ಲಿ ನೀರುಗಂಟಿಗೆ ಹೇಳಬೇಕು. ಅವರು ಸೈಕಲ್ಲು ತುಳಿದುಕೊಂಡು ಹೋಗಿ ತಿರುಗಿಸುತ್ತಿದ್ದರು. ಎದುರಿಗೆ ನಿಂತವರೊಡನೆ ಎರಡು ಮಾತಾಡಲು ಒದ್ದಾಡುತ್ತಿದ್ದ ನನಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು.

ನೀರುಗಂಟಿಯ ಹೆಸರು ಮರಿಸಿದ್ದಯ್ಯ. ಮೂವತ್ತೊಂದು ವರ್ಷದಿಂದ ದಿನಗೂಲಿ. ಓದು ಬರಹ ಬಾರದು, ಅಂಕಿಗಳನ್ನಷ್ಟೇ ಗುರುತಿಸುತ್ತಿದ್ದರು. ಊರಿನ ನೆಲದಡಿಯಲ್ಲಿ ಹರಿಯುವ ಪೈಪುಗಳೆಲ್ಲ ಅವರ ತಲೆಯಲ್ಲಿದ್ದವು. ಪರದೆಯ ಮೇಲಿನ ಹೆಸರುಗಳೂ ಅವರು, ಅವರಿಗಿಂತ ಹಿಂದಿನವರು ಇಟ್ಟವೇ. ಹಿಂದೊಮ್ಮೆ ಯಾರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಕಂಪ್ಯೂಟರಿಗೆ ಹಾಕಿದ್ದರಂತೆ. ಕೆಲಸಕ್ಕೆ ಸೇರಿದ ಮೊದಲ ದಿನ ಆ ಪಟ್ಟಿ ಓದಿ ನನಗೆ ತಲೆಬುಡ ತಿಳಿಯಲಿಲ್ಲ.

"ಮರಿಸಿದ್ದಣ್ಣ, ಇಲ್ಲಿ 'ಅಳುಮುಂಜಿ' ತೆರೀಬೇಕು ಅಂತಿದೆ," ಎಂದೆ ಫೋನಿನಲ್ಲಿ, ಅಂಜುತ್ತಂಜುತ್ತ.

"ತೆರೀತೀನಿ ಬುಡವ್ವ. ಮೀನಿನ ಮಾರ್ಕೆಟ್ ಹಿಂದ್ಗಡೆಯೋಳು. ಯಾವಾಗ್ಲೂ ತೊಟ್ಟಿಕ್ತಾನೇ ಇರ್ತಾಳೆ, ಎಷ್ಟು ಸಮಾಧಾನ ಮಾಡಿದ್ರೂ ನಿಲ್ಲಾಕಿಲ್ಲ."

"ಮತ್ತೆ 'ಸಾಹೇಬ'?"

"ಅವ್ನು ಬಿಸಿಲು ಏರೋಗಂಟ ಮಿಸುಕಾಕಿಲ್ಲ. ಆಮೇಲೆ ಒಂದು ಬೆಳ್ಳು ಮಡಗಿದ್ರೆ ಸಾಕು, ತಾನೇ ತಿರುಗ್ತಾನೆ."

ಅತ್ತಿಗೆ, ನಾದಿನಿ ಎಂಬ ಎರಡು ವಾಲ್ವುಗಳು ಒಂದೇ ಗುಂಡಿಯಲ್ಲಿದ್ದವು. ಎರಡನ್ನೂ ಒಟ್ಟಿಗೆ ತೆರೆದರೆ ಪೈಪು ಸಿಡಿಯುತ್ತಿತ್ತು. "ಒಬ್ಳು ಅಡುಗೆಮನೇಲಿದ್ರೆ ಇನ್ನೊಬ್ಳು ಹಿತ್ಲಲ್ಲಿರ್ಬೇಕು. ನೀನಿನ್ನೂ ಮದ್ವೆ ಆಗಿಲ್ಲ, ಆಮೇಲೆ ಗೊತ್ತಾಯ್ತದೆ," ಎಂದು ನಕ್ಕರು. ನಾನೂ ನಕ್ಕೆ. ನಕ್ಕದ್ದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ, ದಿನಾಂಕದ ಸಮೇತ.

ಈ ಹೆಸರುಗಳನ್ನು ಇಡುವುದಕ್ಕೆ ಅಲ್ಲೊಂದು ಕ್ರಮವಿತ್ತು. ಹೊಸ ಯಂತ್ರ ಬಂದರೆ ಒಂದು ವರ್ಷ ಅದಕ್ಕೆ ಹೆಸರಿಲ್ಲ. ವಾಲ್ವಾಗಲಿ ಪಂಪಾಗಲಿ, ಎಲ್ಲರೂ 'ಪಾಪು' ಎಂದೇ ಕರೆಯಬೇಕು. ವರ್ಷ ತುಂಬಿದ ಮೇಲೆ ಬರುವ ಆಯುಧಪೂಜೆಯ ದಿನ, ಅದರ ಜೊತೆ ವರ್ಷವಿಡೀ ಏಗಿದವರು ಯಾರೋ ಅವರೇ ಹೆಸರಿಡಬೇಕು. ತೊಟ್ಟಿಲ ಮಗುವಿಗೆ ಹೇಳುವ ಹಾಗೆ ಬಗ್ಗಿ, ಅದರ ಮೈಗೆ ಬಾಯಿ ತಾಗಿಸಿ, ಮೂರು ಸಲ ಪಿಸುಗುಡಬೇಕು. ಕಿವಿಯಲ್ಲಿ ಹೇಳಿದ ಹೆಸರನ್ನೇ ಪಟ್ಟಿಗೆ ಹಾಕಬೇಕು, ಬೇರೆ ಹಾಕಿದರೆ ಯಂತ್ರ ಕೈಕೊಡುತ್ತದೆ ಎಂಬುದು ಅವರ ನಂಬಿಕೆ.

ನಾನು ಸೇರಿದ ತಿಂಗಳೇ ಟ್ಯಾಂಕಿನ ಕೆಳಗಿನ ದೊಡ್ಡ ಪೈಪಿಗೆ ಹೊಸ ಮೀಟರು ಕೂರಿಸಿದ್ದರು. ಗಂಟೆಗೊಮ್ಮೆ ಹೋಗಿ ಅದನ್ನು ಓದಿ ಬರುವುದು ನನ್ನ ಪಾಲಿನ ಕೆಲಸ. ಕಚೇರಿಯಲ್ಲಿ ನನ್ನನ್ನು ಯಾರೂ ಮಾತಿಗೆ ಎಳೆಯುತ್ತಿರಲಿಲ್ಲ. ಎಳೆದರೂ ನಾನು ಹೂಂ, ಉಹೂಂಗಳಲ್ಲಿ ಮುಗಿಸುತ್ತಿದ್ದೆ. ಮೀಟರಿನ ಬಳಿ ಹಾಗಲ್ಲ. ಗಾಜಿನ ಮೇಲಿನ ಧೂಳು ಒರೆಸುತ್ತ, ಬೆಳಿಗ್ಗೆ ಅಮ್ಮ ಅಂದದ್ದು, ದಾರಿಯಲ್ಲಿ ಯಾರೋ ನೋಡಿದ್ದು, ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಅದು ಒಳಗೊಳಗೇ ಗುರುಗುಟ್ಟುತ್ತ ಕೇಳಿಸಿಕೊಳ್ಳುತ್ತಿತ್ತು.

ಆಯುಧಪೂಜೆಯ ದಿನ ಮರಿಸಿದ್ದಣ್ಣ ಮೀಟರಿಗೆ ಕುಂಕುಮವಿಟ್ಟು, ಚೆಂಡುಹೂವಿನ ಸರ ಹಾಕಿ, ನನ್ನನ್ನು ಮುಂದಕ್ಕೆ ನೂಕಿದರು. "ಬಾರವ್ವ, ಇದು ನಿನ್ ಕೂಸು. ನಾಚ್ಕೊಬೇಡ."

ಬಗ್ಗಿ ಮೂರು ಸಲ ಹೇಳಿದೆ. ತಲೆ ಎತ್ತಿದಾಗ ಎಲ್ಲರೂ, "ಏನಿಟ್ಟೆ? ಏನಿಟ್ಟೆ?" ಎಂದು ಮುತ್ತಿಕೊಂಡರು. "ಗಂಗೆ," ಎಂದೆ. ಒಳ್ಳೆಯ ಹೆಸರು ಎಂದು ಎಲ್ಲರೂ ತಲೆದೂಗಿ ಮಂಡಕ್ಕಿ ತಿಂದರು. ಅದು ಸುಳ್ಳು. ನಾನು ಪಿಸುಗುಟ್ಟಿದ್ದು 'ನನ್ನ ಗೆಳತಿ' ಎಂದು. ಕ್ರಮ ಮೀರಲು ಧೈರ್ಯವಿಲ್ಲದೆ ಅದನ್ನೇ ಪಟ್ಟಿಯ ಕೊನೆಗೆ ಸೇರಿಸಿದೆ. ಮೀಟರನ್ನು ಯಾರೂ ಫೋನಿನಲ್ಲಿ ಕರೆಯಬೇಕಿರಲಿಲ್ಲ, ಹಾಗಾಗಿ ಆ ಸಾಲಿನವರೆಗೆ ಯಾರೂ ಬರಬೇಕಿರಲಿಲ್ಲ. ಇಪ್ಪತ್ತಮೂರು ವರ್ಷದ ಹೆಣ್ಣೊಬ್ಬಳಿಗೆ ಇಡೀ ಊರಿನಲ್ಲಿ ಒಂದು ಮೀಟರು ಬಿಟ್ಟರೆ ಗೆಳತಿಯಿಲ್ಲ ಎಂಬುದು ಹಸಿರು ಚುಕ್ಕೆಯ ಪಕ್ಕದಲ್ಲಿ, ಅಷ್ಟು ಸ್ಪಷ್ಟವಾಗಿ, ಬರೆದಿತ್ತು.

ದೀಪಾವಳಿ ಕಳೆದ ಮೇಲೆ ಮುಖ್ಯ ಕಚೇರಿಯಿಂದ ಒಂದು ಪತ್ರ ಬಂತು. ಎಲ್ಲ ಊರುಗಳಿಗೂ ಹೊಸ ತಂತ್ರಾಂಶ ಬರಲಿದೆ. ಅದರಲ್ಲಿ ಕೆಲಸ ಮಾಡಬಲ್ಲ, ಅರವತ್ತು ದಾಟದ ದಿನಗೂಲಿ ನೌಕರರನ್ನು ಖಾಯಂ ಮಾಡಲಾಗುವುದು. ಸಮಿತಿಯೊಂದು ಬಂದು ಪರೀಕ್ಷಿಸುತ್ತದೆ. ನಮ್ಮ ಇಂಜಿನಿಯರ್ ಉಪೇಂದ್ರಯ್ಯನವರು ಅದನ್ನು ಎರಡು ಸಲ ಜೋರಾಗಿ ಓದಿದರು. ಮರಿಸಿದ್ದಣ್ಣನಿಗೆ ಯುಗಾದಿಗೆ ಅರವತ್ತು, ಆಮೇಲೆ ದಿನಗೂಲಿಯೂ ಇಲ್ಲ.

"ಈ ಸಲ ತಪ್ಪಿದ್ರೆ ಇನ್ನಿಲ್ಲ ಕಣಪ್ಪ," ಎಂದರು ಇಂಜಿನಿಯರು.

"ತಪ್ಪಾಕಿಲ್ಲ ಬುಡಿ ಸಾ. ಕಣ್ಗೆ ಬಟ್ಟೆ ಕಟ್ಟಿ ಬುಡ್ಲಿ, ಅರವತ್ನಾಕೂ ಮುಟ್ಟಿ ಬತ್ತೀನಿ."

ಆ ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತು, ಪತ್ರದಲ್ಲಿ 'ಪಿಂಚಣಿ' ಎಂದು ಬರೆದಿದೆಯೇ ಎಂದು ಕೇಳಿದರು. ಬರೆದಿದೆ ಎಂದೆ. ಎಲ್ಲಿ ಎಂದರು. ತೋರಿಸಿದೆ. ಓದಲು ಬಾರದ ಆ ಪದದ ಮೇಲೆ ಬೆರಳಿಟ್ಟು, "ನಮ್ಮೋಳಿಗೆ ಸೊಂಟದ ಕೆಳ್ಗೆ ಸ್ವಾಧೀನ ಇಲ್ಲ ಕಣವ್ವ, ಎಂಟು ವರ್ಷ ಆಯ್ತು. ಮಕ್ಳಿಲ್ಲ. ನಾನು ಹ್ವಾದ್ಮೇಲೆ ಅವ್ಳ ಕೈಗೆ ಏನಾರ ಬರಂಗಿದ್ರೆ ಇದೊಂದೇಯ," ಎಂದರು. ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ.

ಸಂಕ್ರಾಂತಿಯ ನಂತರ ಕಂಪನಿಯವನೊಬ್ಬ ಬಂದು ಹೊಸ ತಂತ್ರಾಂಶ ಹಾಕಿದ. ಮರುದಿನ ಬೆಳಿಗ್ಗೆ ಕಂಪ್ಯೂಟರು ತೆರೆದಾಗ ಹಸಿರು ಚುಕ್ಕೆಗಳೆಲ್ಲ ಇದ್ದಲ್ಲೇ ಇದ್ದವು. ಹೆಸರುಗಳು ಇರಲಿಲ್ಲ. ಪ್ರತಿ ಚುಕ್ಕೆಯ ಮುಂದೆ ಬರೀ ಸಂಖ್ಯೆ. ಮೊದಲ ಕರೆ ನನಗೆ ಇನ್ನೂ ನೆನಪಿದೆ.

"ನಲವತ್ತೊಂದು ತೆರೀಬೇಕು, ಮರಿಸಿದ್ದಣ್ಣ."

"ಯಾರವ್ವ ಅದು, ನಲವತ್ತೊಂದು?"

ನಕಾಶೆ ನೋಡಿ, ದನಿ ತಗ್ಗಿಸಿ, "ಅಳುಮುಂಜಿ," ಎಂದೆ.

"ಹಂಗನ್ನು ಮತ್ತೆ! ಯಾರೋ ಹೊಸಬ್ರು ಬಂದವ್ರೆ ಅಂದ್ಕಂಡೆ. ಅವ್ಳ ಹೆಸ್ರು ಯಾವ ಬಡ್ಡಿಮಗ ತಗ್ದೋನು?"

ನಾನು ಫೋನು ಇಟ್ಟೆ. ನಡುವೆ ಫೋನು ಕಡಿದರೆ ಯಾರೂ ಅದಕ್ಕೆ ಅರ್ಥ ಹಚ್ಚುವುದಿಲ್ಲ. ಲೈನು ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಸಮಿತಿಯವರು ಪರೀಕ್ಷೆ ಮಾಡುವುದು ಪರದೆಯ ಮೇಲೆ ಇದ್ದುದನ್ನು ಹಿಡಿದು. ಪರದೆಯ ಮೇಲೆ ಹಳೆಯ ಹೆಸರುಗಳು ಇದ್ದಿದ್ದರೆ ಮರಿಸಿದ್ದಣ್ಣ ನಿದ್ದೆಗಣ್ಣಲ್ಲೂ ಗೆಲ್ಲುತ್ತಿದ್ದರು. ಈಗ ಅರವತ್ತನಾಲ್ಕು ಸಂಖ್ಯೆ ಕಲಿಯಬೇಕು, ಐದೇ ವಾರದಲ್ಲಿ. ಹೆಸರುಗಳನ್ನು ಮತ್ತೆ ಹಾಕಿಬಿಡೋಣವೆಂದರೆ ಹೊಸದರಲ್ಲಿ ಆ ಅಧಿಕಾರ ಮುಖ್ಯ ಕಚೇರಿಯದು, ನಮ್ಮ ಕೈಯಲ್ಲಿರಲಿಲ್ಲ. ಇಂಜಿನಿಯರು ನನಗೆ ಒಂದು ಅರ್ಜಿ ಬರೆಯಲು ಹೇಳಿದರು. ಬರೆದೆ. 'ಕಾರಣಾಂತರಗಳಿಂದ ಹಳೆಯ ಹೆಸರುಗಳು ಅಳಿಸಿಹೋಗಿದ್ದು, ದಯವಿಟ್ಟು ಮರಳಿ ಸೇರಿಸಬೇಕಾಗಿ ವಿನಂತಿ.' ಕಾರಣಾಂತರ ಎಂಬ ಪದವನ್ನು ಬರೆದು ಅದನ್ನೇ ನೋಡುತ್ತ ಕೂತೆ. ಇಂಜಿನಿಯರು ಓದಿ, "ಚೆನ್ನಾಗಿ ಬರೀತೀಯಮ್ಮ," ಎಂದು ಸಹಿ ಹಾಕಿದರು.

ಉತ್ತರ ಬರುವವರೆಗೆ ಸುಮ್ಮನಿರಬಾರದೆಂದು ಪ್ರತಿ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಅವರಿಗೆ ಸಂಖ್ಯೆ ಹೇಳಿಕೊಡಲು ಕೂತೆ. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಅವರು ಮುದ್ದೆಯ ಕೈ ತೊಳೆದುಕೊಂಡು ಬಂದು ಶಾಲೆಯ ಮಗುವಿನಂತೆ ಕಾಲು ಮಡಚಿ ಕೂರುತ್ತಿದ್ದರು.

"ಇದು?"

"ಇಪ್ಪತ್ತೇಳು."

"ಇಪ್ಪತ್ತೇಳು ಅಂದ್ರೆ ಯಾರು?"

"ತಡಿಯವ್ವ... ಬಾಯ್ಗೆ ಬತ್ತಾದೆ. ಹಲ್ಲಿಲ್ದೋಳು!"

"ಅಲ್ಲ. ಹಲ್ಲಿಲ್ಲದವಳು ಹದಿನೇಳು. ಇದು ನಾದಿನಿ."

"ಥೂ! ನಾದಿನೀನ ಮರ್ತ್ರೆ ಹೆಂಡ್ತಿ ಸುಮ್ನಿರ್ತಾಳಾ?" ಎಂದು ತಮ್ಮ ಹಣೆ ತಟ್ಟಿಕೊಂಡರು. ಮತ್ತೆ ಗಂಭೀರರಾಗಿ, "ಒಬ್ಬೊಬ್ರಿಗೂ ಒಂದೊಂದು ಗುಣ ಅದೆ ಅಲ್ವ, ಅದುನ್ನ ಹಿಡ್ಕಂಡು ನೆನಪಿಟ್ಟಿದ್ದೆ. ಈ ಇಪ್ಪತ್ತೇಳ್ರಲ್ಲಿ ಗುಣವೇ ಇಲ್ವಲ್ಲವ್ವ," ಎಂದರು.

ಹದಿನೈದು ದಿನಕ್ಕೆ ಇಪ್ಪತ್ತು ಕಲಿತರು. ಮೂರನೆಯ ವಾರ ಮೂವತ್ತಕ್ಕೆ ಬಂದರು, ಅಷ್ಟರಲ್ಲಿ ಮೊದಲು ಕಲಿತ ಹತ್ತು ಜಾರಿಹೋದವು. ರಾತ್ರಿ ಮನೆಯಲ್ಲಿ ಹೆಂಡತಿ ಮಲಗಿದಲ್ಲಿಂದಲೇ ಪಾಠ ಕೇಳುತ್ತಾಳಂತೆ. ಅವಳಿಗೆ ಎಲ್ಲವೂ ಬಾಯಿಪಾಠವಾಗಿದೆಯಂತೆ. "ಅವ್ಳನ್ನೇ ಕಳಿಸ್ಲಾ ಪರೀಕ್ಷೆಗೆ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಒಂದು ದಿನ ಪಾಠದ ನಡುವೆ ಅವರೇ ಕೇಳಿದರು: "ಅಲ್ಲ ಕಣವ್ವ, ಆ ಕಂಪನಿಯೋನು ಬಂದಿದ್ನಲ್ಲ, ಅವ್ನು ಒಂದು ಮಾತು ಕೇಳ್ಬೋದಿತ್ತು. ಹಿಂಗಿಂಗೆ, ಹೆಸ್ರು ಇರ್ಲಾ ಬೇಡ್ವಾ ಅಂತ. ಕೇಳಿದ್ರೆ ಯಾರಾದ್ರೂ ಬೇಡ ಅಂತಿದ್ರಾ?"

ಸೀಮೆಸುಣ್ಣ ನನ್ನ ಕೈಯಲ್ಲಿ ಮುರಿಯಿತು. ಮುರಿದದ್ದರಲ್ಲೇ ಮುಂದಿನ ಸಂಖ್ಯೆ ಬರೆದೆ.

ನಾಲ್ಕನೆಯ ವಾರ ಅರ್ಜಿಗೆ ಉತ್ತರ ಬಂತು. ಇಂಜಿನಿಯರು ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದರು. 'ಬದಲಾವಣೆಯ ವೇಳೆ ಉಳಿಸಿಕೊಂಡ ಹೆಸರುಗಳನ್ನು ಮಾತ್ರ ಬಳಸಲು ಅವಕಾಶವಿದೆ. ಈಗಿರುವ ಹೆಸರುಗಳನ್ನು ಉಳಿಸಬೇಕೇ ಎಂಬ ಪ್ರಶ್ನೆಗೆ ತಮ್ಮ ಕಚೇರಿಯಿಂದ ಬೇಡವೆಂಬ ಉತ್ತರ ದಾಖಲಾಗಿರುತ್ತದೆ.'

"ಬೇಡ ಅಂದೋರು ಯಾರು?" ಎಂದು ಕೋಣೆಯನ್ನೆಲ್ಲ ನೋಡಿದರು. ನನ್ನನ್ನೂ ನೋಡಿದರು. ಆ ನೋಟ ನನ್ನ ಮೇಲೆ ನಿಲ್ಲದೆ ದಾಟಿಹೋಯಿತು. ಮಾತೇ ಆಡದ ಹುಡುಗಿ ಬೇಡ ಎನ್ನುವುದಾದರೂ ಹೇಗೆ? "ಆ ಕಂಪನಿಯವನೇ ತನಗೆ ಅನುಕೂಲ ಆಗ್ಲಿ ಅಂತ ಒತ್ತಿರ್ತಾನೆ," ಎಂದು ಕಾಗದ ಮಡಚಿದರು.

ಒತ್ತಿದ್ದು ಅವನೇ. ಕೇಳದೆ ಒತ್ತಿರಲಿಲ್ಲ.

ತಂತ್ರಾಂಶ ಹಾಕಿದ ದಿನ ಇಂಜಿನಿಯರು ಕಾಫಿಗೆ ಹೋಗಿದ್ದರು. ಕಂಪನಿಯವನು ನನ್ನ ಕುರ್ಚಿಯಲ್ಲಿ ಕೂತಿದ್ದ, ನಾನು ಹಿಂದೆ ನಿಂತಿದ್ದೆ. ಪರದೆಯ ನಡುವೆ ಒಂದು ಪುಟ್ಟ ಚೌಕ ಮೂಡಿತು. 'ಬಳಕೆದಾರರು ಇಟ್ಟ ಹೆಸರುಗಳನ್ನು ಉಳಿಸಬೇಕೇ?' ಅವನು ತಿರುಗಿ, "ಮೇಡಂ, ಇವು ಇರಲಾ?" ಎಂದ. ಇರಲಿ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಟ್ಟಿ ಅವನ ಕಣ್ಣಿಗೆ ಬಿತ್ತು. "ಇದೇನಿದು! ಸಾಹೇಬ... ಸೊಟ್ಟಮೂತಿ... ಅಳುಮುಂಜಿ..." ಎಂದು ನಗುತ್ತ, ಒಂದೊಂದನ್ನೇ ಜೋರಾಗಿ ಓದುತ್ತ ಕೆಳಕ್ಕೆ ಸರಿಸತೊಡಗಿದ. ಬಿಲ್ಲು ಕಟ್ಟಲು ಬಂದ ಊರಿನ ಇಬ್ಬರು ಬಾಗಿಲ ಬಳಿ ನಿಂತು ಅವನ ಜೊತೆ ನಗುತ್ತಿದ್ದರು. ಐವತ್ತು. ಐವತ್ತೈದು. ಅರವತ್ತು. ಇನ್ನು ನಾಲ್ಕೇ ಸಾಲು.

"ಯಾವುದೂ ಬೇಡ. ಅಳಿಸಿಬಿಡಿ," ಎಂದೆ.

ಆ ಕಚೇರಿಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವನು ಓದುವುದನ್ನು ನಿಲ್ಲಿಸಿ, ಚೌಕದಲ್ಲಿ 'ಬೇಡ' ಎಂಬುದನ್ನು ಒತ್ತಿ ಮುಂದುವರಿದ. ಹೆಸರುಗಳು ಹೋದವು. ನಾನು ನೆಮ್ಮದಿಯ ಉಸಿರು ಬಿಟ್ಟೆ. ಆ ಉಸಿರನ್ನೂ ಡೈರಿಯಲ್ಲಿ ಬರೆದಿದ್ದೇನೆ. ಹೋದದ್ದರಲ್ಲಿ ಇನ್ನೊಬ್ಬರ ಬಾಳು ಸೇರಿತ್ತು ಎಂದು ಹೊಳೆದದ್ದು ಮರುದಿನ, "ಯಾರವ್ವ ಅದು?" ಎಂಬ ದನಿ ಫೋನಿನಲ್ಲಿ ಕೇಳಿದಾಗ.

ಸಮಿತಿ ಶಿವರಾತ್ರಿಯ ಹಿಂದಿನ ದಿನ ಬಂತು. ಮೂವರು. ಮರಿಸಿದ್ದಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ಬಂದಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ಹಿರಿಯರಾದ ಅಧಿಕಾರಿ ಪರದೆಯಲ್ಲಿ ಒಂದು ಚುಕ್ಕೆಯನ್ನು ತೋರಿಸಿ ಕೇಳಿದರು, "ಐವತ್ತೆರಡು ಎಲ್ಲಿ ಬರುತ್ತೆ?"

ಮರಿಸಿದ್ದಣ್ಣನ ತುಟಿ ಅಲುಗಿತು. "ಐವತ್ತೆರಡು... ಆಸ್ಪತ್ರೆ ಮುಂದ್ಲೋಳು, ಸಾ."

"ಅಲ್ಲ. ಹದಿನೇಳು?"

"ಅದು ಗೊತ್ತು ಸಾ, ಹಲ್ಲಿಲ್ದೋಳು! ನೂಲಿನ ಗಿರಣಿ ತಿರುವ್ನಾಗೆ. ಎಡಕ್ಕೆ ಮೂರು ಸುತ್ತು, ನಾಕನೇದು ಸುತ್ತಿದ್ರೆ ಜಾರ್ತಾಳೆ."

"ಹಲ್ಲಿಲ್ಲದವಳು ಅಂತ ಇಲ್ಲೆಲ್ಲೂ ಇಲ್ಲವಲ್ಲ. ಇದೇನು ನಿಮ್ಮ ಸಂಸಾರವೇನ್ರೀ?"

"ಹೂಂ ಸಾ," ಎಂದರು ಮರಿಸಿದ್ದಣ್ಣ. ಅವರು ತಮಾಷೆಗೆ ಹೇಳಿರಲಿಲ್ಲ. ಆದರೂ ಮೂವರೂ ನಕ್ಕರು.

ಹತ್ತು ಕೇಳಿದರು. ಮೂರು ಸರಿಯಾದವು. ಬರುಬರುತ್ತ ಅವರಿಗೆ ಗೊತ್ತಿದ್ದುದೂ ತಪ್ಪಿತು. ಕೊನೆಗೆ ಆ ಹಿರಿಯ ಅಧಿಕಾರಿ, ಕೆಟ್ಟವರೇನೂ ಅಲ್ಲ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಬೇರೆ ಊರುಗಳಲ್ಲಿ ಹಳೇ ಹೆಸರು ಹಾಗೇ ಉಳಿಸಿಕೊಂಡಿದ್ದಾರಲ್ಲಮ್ಮ. ಇಲ್ಲಿ ಯಾಕೆ ತೆಗೆದರು? ತೆಗೆದದ್ದು ಕಚೇರಿಯ ತಪ್ಪು ಅಂತಾದರೆ ಇವರ ವಿಷಯ ಇನ್ನೊಮ್ಮೆ ಯೋಚಿಸಬಹುದು."

ಇಂಥ ಬಾಗಿಲು ತಾನಾಗಿ ತೆರೆದುಕೊಳ್ಳುವುದು ಅಪರೂಪ. ನಾನೇ ಅಂದರೆ, ಅಷ್ಟು ಜನರ ಮುಂದೆ, ಯಾಕೆ ಅಳಿಸಿದೆ ಎಂದು ಅವರು ಮುಂದಿನ ಪ್ರಶ್ನೆ ಕೇಳುತ್ತಾರೆ. ಆಗ ನಾನು ಮೀಟರಿನ ವಿಷಯ ಹೇಳಬೇಕು. ನನ್ನ ಕಣ್ಣೆದುರು ಅರವತ್ತನಾಲ್ಕು ಹಸಿರು ಚುಕ್ಕೆಗಳು ಒಂದೇ ಸಮನೆ ಉರಿಯುತ್ತಿದ್ದವು.

"ಗೊತ್ತಿಲ್ಲ ಸರ್," ಎಂದೆ.

ಖಾಯಂ ಆದವರ ಪಟ್ಟಿ ಹತ್ತು ದಿನಕ್ಕೆ ಬಂತು. ಮರಿಸಿದ್ದಯ್ಯ ಎಂಬ ಹೆಸರು ಅದರಲ್ಲಿರಲಿಲ್ಲ. ನಾನು ಮೂರು ಸಲ ಹುಡುಕಿದೆ. ನನ್ನನ್ನು ನಾನೇ ಹಿಂಸಿಸಿಕೊಳ್ಳಲು ಹುಡುಕಿದೆನೇ ಹೊರತು ಸಿಕ್ಕೀತೆಂಬ ಆಸೆಯಿಂದಲ್ಲ. ಆಮೇಲೆ ಮೂರು ರಾತ್ರಿ ಕೂತು ಸಮಿತಿಗೆ ಪತ್ರ ಬರೆದೆ, ಎಲ್ಲವನ್ನೂ, ಮೀಟರಿನ ಹೆಸರಿನ ಸಮೇತ. ಕಳಿಸಿದೆ. ಮರುಟಪಾಲಿನಲ್ಲೇ ಉತ್ತರ ಬಂತು, ಎರಡೇ ಸಾಲು: ಪಟ್ಟಿ ಅಂತಿಮಗೊಂಡಿದೆ, ಮರುಪರಿಶೀಲನೆಗೆ ಅವಕಾಶವಿರುವುದಿಲ್ಲ. ಪತ್ರದಲ್ಲಿ ಹೇಳುವುದು ನನಗೆ ಯಾವಾಗಲೂ ಸುಲಭ. ಬರೆದು ಮುಗಿಸಿದವಳು ಹೇಳಿ ಮುಗಿಸಿದೆನೆಂದುಕೊಂಡು, ಮರಿಸಿದ್ದಣ್ಣ ಎದುರಾದಾಗಲೆಲ್ಲ ಕಡತದಲ್ಲಿ ತಲೆ ಹುದುಗಿಸಿ ಇನ್ನೂ ಹದಿನೈದು ದಿನ ಕಳೆದೆ.

ಯುಗಾದಿಯ ಹಿಂದಿನ ದಿನ ಅವರು ಕಚೇರಿಗೆ ಕೊನೆಯ ಸಲ ಬಂದರು. ಇಂಜಿನಿಯರು ಒಂದು ಶಾಲು ಹೊದಿಸಿದರು. ಎಲ್ಲರೂ ಲಾಡು ತಿಂದು ತಮ್ಮ ತಮ್ಮ ಮೇಜಿಗೆ ಹೋದರು. ಮಧ್ಯಾಹ್ನ ನಾನು ಒಬ್ಬಳೇ ಇದ್ದಾಗ ಅವರು ಒಳಗೆ ಬಂದು, ಲಾಡು ಕಟ್ಟಿದ ಕಾಗದದ ಪೊಟ್ಟಣವನ್ನು ಬಗಲಿಗೆ ಸಿಕ್ಕಿಸಿಕೊಂಡು ನಿಂತರು.

"ಬತ್ತೀನಿ ಕಣವ್ವ."

"ಹೂಂ," ಎಂದೆ.

"ಒಂದು ಮಾತು. ನೀನು ಮನ್ಸಿಗೆ ಹಚ್ಕೊಂಡು ಕೊರಗ್ತಾ ಇದ್ದೀಯ, ನಂಗೆ ಗೊತ್ತಾಯ್ತದೆ. ಪರೀಕ್ಷೆ ಆದಾಗ್ನಿಂದ ಮಕ ಎತ್ತಿ ನೋಡ್ತಿಲ್ಲ ನೀನು. ನೀನೇನವ್ವ ಮಾಡ್ತೀಯ? ಉಣ್ಣೋ ಹೊತ್ನ ಬುಟ್ಟು ಕೂತು ಹೇಳ್ಕೊಟ್ಟೆ. ಸ್ವಂತ ಮಗಳಿದ್ರೂ ಹಂಗೆ ಮಾಡಾಕಿಲ್ಲ ಅಂತ ನಮ್ಮೋಳೂ ಅಂತಿದ್ಲು. ನಂದೇ ಮಡ್ಡಿ ತಲೆ, ಹತ್ನಿಲ್ಲ. ತಪ್ಪೆಲ್ಲ ನಂದು."

ಅವರು ಹೊಸಿಲು ದಾಟಿ, ಗೋಡೆ ಹಿಡಿದುಕೊಂಡು ಚಪ್ಪಲಿ ಮೆಟ್ಟತೊಡಗಿದರು. ಅವರ ಆ ಕೊನೆಯ ಮಾತು ಕೋಣೆಯಲ್ಲೇ ಉಳಿದಿತ್ತು. ಅದನ್ನು ಅವರು ಮನೆಗೆ ಒಯ್ದು, ಮಲಗಿದ ಹೆಂಡತಿಯ ಪಕ್ಕದಲ್ಲಿ ಕೂತು, ಸಾಯುವವರೆಗೂ ನಂಬುತ್ತಾರೆ. ನಾನು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲಿಗೆ ಬಂದೆ. ಅವರ ಒಂದು ಪಾದ ಚಪ್ಪಲಿಯಲ್ಲಿತ್ತು, ಇನ್ನೊಂದು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿದಾಗಿ ನಿಂತಿತ್ತು. ಸದ್ದಿಗೆ ತಿರುಗಿ ನನ್ನತ್ತ ನೋಡಿದರು.

"ಹೆಸರು ಅಳಿಸು ಅಂದವಳು ನಾನು, ಮರಿಸಿದ್ದಣ್ಣ. ಕಂಪನಿಯವನು ಕೇಳಿದ. ನಾನೇ ಬೇಡ ಅಂದೆ."